ಐಸ್ ಮೇಕರ್ ನಿಂತಾಗ ಮೊದಲು ನೀರಿನ ಜಾಡು ಹಿಡಿಯಿರಿ

ಏಪ್ರಿಲ್ ಕೊನೆಯ ಬಿಸಿಲಿನಲ್ಲಿ ಮನೆಗೆ ಬಂದವರಿಗೆ ಮುರುಗಲು ಶರಬತ್ತು ಕೊಡುವಾಗ ಲೋಟದಲ್ಲಿ ನಾಲ್ಕು ಐಸಿನ ತುಂಡಾದರೂ ಇರಬೇಕೆಂಬುದು ಕಾರವಾರದ ನಮ್ಮ ಮನೆಯ ರೂಢಿ. ಎರಡು ವರ್ಷಗಳ ಹಿಂದೆ ಅಂಥದೇ ಒಂದು ಮಧ್ಯಾಹ್ನ ಫ್ರೀಜರಿನ ಐಸ್ ಪೆಟ್ಟಿಗೆಯನ್ನು ಹೊರಗೆಳೆದಾಗ ತಳದಲ್ಲಿ ಉಗುರಿನಷ್ಟು ತೆಳುವಾದ ಐದಾರು ಚಕ್ಕೆಗಳು ಮಾತ್ರ ಇದ್ದವು. ಮರುದಿನ ಅವೂ ಇರಲಿಲ್ಲ. ನೋಡಲು ಬಂದ ಮೆಕ್ಯಾನಿಕ್ ಐಸ್ ಮೇಕರ್ ಪೂರ್ತಿ ಕೆಟ್ಟಿದೆ ಎಂದು ಹೇಳಿ ಹೊಸದನ್ನೇ ಕೂರಿಸಿದರು. ಎರಡು ದಿನ ಕಾದ ಮೇಲೆ ಪೆಟ್ಟಿಗೆಗೆ ಬಿದ್ದದ್ದು ಮತ್ತೆ ಅವೇ ಚಕ್ಕೆಗಳು. ದೋಷ ಯಂತ್ರದಲ್ಲಿ ಇರಲೇ ಇಲ್ಲ. ಬಾಡಿಗೆಯ ಅಪಾರ್ಟ್‌ಮೆಂಟಿನಿಂದ ಸ್ವಂತ ಮನೆಗೆ ಬರುವಾಗ ಫ್ರಿಜ್ ನಮ್ಮೊಂದಿಗೆ ಬಂದಿತ್ತು, ಆದರೆ ಅಲ್ಲಿ ನೀರನ್ನು ಒತ್ತಿ ಕಳುಹಿಸುತ್ತಿದ್ದ ಪ್ರೆಶರ್ ಪಂಪು ಅಲ್ಲಿಯೇ ಉಳಿದಿತ್ತು. ಇಲ್ಲಿ ತಾರಸಿಯ ಟ್ಯಾಂಕಿನಿಂದ ನೀರು ತನ್ನ ಭಾರದಿಂದಷ್ಟೇ ಇಳಿದು ಬರುತ್ತಿತ್ತು.

ಆಗ ನಮ್ಮ ಹಣ ವ್ಯರ್ಥವಾದಂತೆ ಇನ್ನೊಬ್ಬರದು ಆಗಬಾರದು ಎಂಬ ಕಾರಣಕ್ಕೆ ಈ ಲೇಖನ. ಫ್ರಿಜ್ಜಿನ ಜೊತೆ ಬರುವ ಪುಸ್ತಿಕೆ ಉಪಯುಕ್ತವೇ ಹೌದು, ಆದರೆ ಬಾವಿಯ ನೀರು, ತಾರಸಿಯ ಟ್ಯಾಂಕು, ನಾಲ್ಕು ತಿಂಗಳ ಮಳೆ, ಉಪ್ಪುಗಾಳಿ ಮತ್ತು ಹೋಗಿ ಬರುವ ಕರೆಂಟು, ಇವೆಲ್ಲ ಒಟ್ಟಿಗೆ ಇರುವ ನಮ್ಮ ಜಿಲ್ಲೆಯ ಮನೆಯನ್ನು ಅದು ಕಂಡಿರುವುದಿಲ್ಲ. ಆದ್ದರಿಂದ ಹುಡುಕುವ ಕ್ರಮವನ್ನು ನಾವೇ ಹಾಕಿಕೊಳ್ಳಬೇಕು: ಮೊದಲು ನೀರು, ಆಮೇಲೆ ತಂಪು, ಕಟ್ಟಕಡೆಗೆ ಯಂತ್ರ.

ಯಂತ್ರದ ಒಳಗೆ ನಡೆಯುವುದೇನು

ಪೈಪಿನಿಂದ ನೀರು ಪಡೆಯುವ ಐಸ್ ಮೇಕರಿನ ಕೆಲಸ ಸರಳವಾದದ್ದು. ಫ್ರಿಜ್ಜಿನ ಹಿಂಬದಿಯ ಕೆಳಭಾಗದಲ್ಲಿ ವಿದ್ಯುತ್ತಿನಿಂದ ತೆರೆದು ಮುಚ್ಚುವ ಒಂದು ವಾಲ್ವ್ ಇರುತ್ತದೆ. ಅದು ಕೆಲವೇ ಸೆಕೆಂಡುಗಳ ಕಾಲ ತೆರೆದುಕೊಂಡಾಗ ನೀರು ಕಿರುಬೆರಳಿಗಿಂತ ಸಣ್ಣ ಪೈಪಿನಲ್ಲಿ ಏರಿ, ಫಿಲ್ಟರ್ ದಾಟಿ, ಫ್ರೀಜರಿನ ಒಳಗಿನ ಕೊಳವೆಯ ಬಾಯಿಂದ ಅಚ್ಚಿಗೆ ಬೀಳುತ್ತದೆ. ಅಚ್ಚಿಗೆ ಅಂಟಿದ ಸೆನ್ಸರ್ ತಂಪನ್ನು ಅಳೆಯುತ್ತಿರುತ್ತದೆ. ಐಸ್ ಗಟ್ಟಿಯಾಯಿತೆಂದು ಅದಕ್ಕೆ ತಿಳಿದ ಮೇಲೆ ಕೆಲವು ಮಾದರಿಗಳಲ್ಲಿ ಅಚ್ಚು ಸ್ವಲ್ಪ ಬಿಸಿಯಾಗಿ ಹಲ್ಲುಗಳು ತುಂಡುಗಳನ್ನು ಹೊರಗೆ ತಳ್ಳುತ್ತವೆ, ಇನ್ನು ಕೆಲವುಗಳಲ್ಲಿ ಪ್ಲಾಸ್ಟಿಕ್ ತಟ್ಟೆಯೇ ಮಗುಚಿ, ತಿರುಚಿಕೊಂಡು ತುಂಡುಗಳನ್ನು ಉದುರಿಸುತ್ತದೆ. ಪೆಟ್ಟಿಗೆ ತುಂಬಿದೆಯೇ ಎಂದು ಒಂದು ತಂತಿಯ ಕೈ ಅಥವಾ ಬೆಳಕಿನ ಸೆನ್ಸರ್ ನೋಡುತ್ತದೆ. ತುಂಬಿಲ್ಲವಾದರೆ ವಾಲ್ವ್ ಮತ್ತೆ ತೆರೆಯುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅಚ್ಚಿಗೆ ಎಷ್ಟು ನೀರು ಬಿತ್ತೆಂದು ಹೆಚ್ಚಿನ ಮನೆಬಳಕೆಯ ಯಂತ್ರಗಳು ಅಳೆಯುವುದಿಲ್ಲ. ಅವು ವಾಲ್ವನ್ನು ಗೊತ್ತಾದ ಹೊತ್ತಿನವರೆಗೆ ತೆರೆದಿಡುತ್ತವೆ, ಅಷ್ಟೆ. ಆ ಹೊತ್ತಿನಲ್ಲಿ ಸಾಕಷ್ಟು ನೀರು ಬರಬೇಕಾದರೆ ಹಿಂದಿನಿಂದ ಸಾಕಷ್ಟು ಒತ್ತಡ ಇರಬೇಕು. ಪೊಳ್ಳಾದ, ತೆಳ್ಳಗಿನ, ಅರ್ಧ ಗಾತ್ರದ ತುಂಡುಗಳು ಬೀಳುತ್ತಿದ್ದರೆ ಮೊದಲು ನೀರನ್ನೇ ಅನುಮಾನಿಸಬೇಕು.

ಕೈಹಾಕುವ ಮೊದಲು

ನಿಮ್ಮ ಫ್ರಿಜ್ ಪೈಪಿನ ಮಾದರಿಯೋ, ಒಳಗೆ ಕೈಯಿಂದ ನೀರು ತುಂಬುವ ಚಿಕ್ಕ ಟ್ಯಾಂಕಿನ ಮಾದರಿಯೋ ಎಂಬುದನ್ನು ನೋಡಿಕೊಳ್ಳಿ. ಎರಡನೆಯದಾದರೆ ಟ್ಯಾಂಕು ತನ್ನ ಜಾಗದಲ್ಲಿ ಕೊನೆಯವರೆಗೆ ಒತ್ತಿ ಕೂತಿದೆಯೇ, ಅದರ ಜಾಲರಿಯಲ್ಲಿ ಕಸ ಸಿಕ್ಕಿದೆಯೇ ಎಂಬುದನ್ನು ಪರೀಕ್ಷಿಸಿದರೆ ಅರ್ಧ ಕೆಲಸ ಮುಗಿಯಿತು. ಅದರಲ್ಲಿ ಶರಬತ್ತು, ಸೋಡಾ, ಬಿಸಿನೀರು ಯಾವುದನ್ನೂ ಹಾಕಬಾರದು.

ಇನ್ನು ಫಲಕದ ಮೇಲೆ ಐಸ್ ನಿಲ್ಲಿಸುವ ಗುಂಡಿ ಒತ್ತಿಹೋಗಿದೆಯೇ ನೋಡಿ. ಮಕ್ಕಳು ಬಾಗಿಲಿನ ಮುಂದೆ ಆಡುವ ಮನೆಗಳಲ್ಲಿ ಇದು ಆಗಾಗ ನಡೆಯುತ್ತದೆ. ತಂತಿಯ ಕೈ ಇರುವ ಮಾದರಿಯಲ್ಲಿ ಅದು ಮೇಲೆತ್ತಿದ್ದರೆ ಐಸ್ ಮೇಕರ್ ನಿಂತಿದೆ ಎಂದರ್ಥ, ಕೆಳಗಿದ್ದರೆ ನಡೆಯುತ್ತಿದೆ ಎಂದರ್ಥ. ಹೊಸ ಫ್ರಿಜ್ಜಿಗೆ, ಅಥವಾ ಜಾಗ ಬದಲಿಸಿ ಮತ್ತೆ ಚಾಲೂ ಮಾಡಿದ ಫ್ರಿಜ್ಜಿಗೆ, ಮೊದಲ ಐಸ್ ಬೀಳಲು 24 ಗಂಟೆ ಬಿಡಬೇಕು.

ಹಿಂಬದಿಯಲ್ಲಿ ಅಥವಾ ಐಸ್ ಮೇಕರಿನ ಒಳಗೆ ಕೈಹಾಕುವ ಪ್ರತಿ ಸಲವೂ ಪ್ಲಗ್ ಕಿತ್ತಿಡಿ; ಸ್ವಿಚ್ ಆರಿಸಿದರೆ ಸಾಲದು. ಚಾಕು, ಸ್ಕ್ರೂಡ್ರೈವರ್, ಮೀನು ಕೊಯ್ಯುವ ಕತ್ತಿ ಇವುಗಳಿಂದ ಐಸ್ ಕೆರೆಯಲೇಬೇಡಿ. ಈಗಿನ ಬಹಳಷ್ಟು ಮನೆ ಫ್ರಿಜ್ಜುಗಳಲ್ಲಿ ತಂಪು ಮಾಡಲು ಕೊಳವೆಗಳೊಳಗೆ ಹರಿಯುವ ಆರ್-600ಎ ಅನಿಲವು ಹೊತ್ತಿಕೊಳ್ಳುವಂಥದ್ದು, ಮತ್ತು ಗೋಡೆಯ ಹಿಂದಿನ ಕೊಳವೆಗೆ ಒಂದು ಸಣ್ಣ ತೂತು ಬಿದ್ದರೂ ಫ್ರಿಜ್ಜೇ ಹೋಯಿತು.

ನೀರಿನ ಒತ್ತಡ

ಪೈಪಿನ ಮಾದರಿಗಳು ಸಾಮಾನ್ಯವಾಗಿ ಕೇಳುವ ಕನಿಷ್ಠ ಒತ್ತಡ 20 ಪಿಎಸ್‌ಐ (ಒಂದು ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಅಳತೆ), ಅಂದರೆ ಸುಮಾರು 1.4 ಬಾರ್; ಕೆಲವು ಇನ್ನೂ ಹೆಚ್ಚು ಕೇಳುತ್ತವೆ. ಒಂದು ಮೀಟರ್ ಎತ್ತರದ ನೀರಿನಿಂದ ಸಿಗುವುದು ಸುಮಾರು 1.4 ಪಿಎಸ್‌ಐ ಮಾತ್ರ. ಹಾಗಾದರೆ ಪಂಪಿಲ್ಲದೆ 20 ಪಿಎಸ್‌ಐ ಬೇಕೆಂದರೆ ಟ್ಯಾಂಕಿನ ನೀರು ಫ್ರಿಜ್ಜಿನ ವಾಲ್ವಿಗಿಂತ 14 ಮೀಟರ್ ಎತ್ತರದಲ್ಲಿರಬೇಕು, ಅಂದರೆ ನಾಲ್ಕು ಮಹಡಿಯಷ್ಟು. ಒಂದೇ ಅಂತಸ್ತಿನ ಮನೆಯ ತಾರಸಿಯಲ್ಲಿ ಕಟ್ಟೆ ಕಟ್ಟಿ ಟ್ಯಾಂಕು ಕೂರಿಸಿದರೂ ಅಡುಗೆಮನೆಯ ನೆಲದಿಂದ ಐದು ಮೀಟರ್ ಎತ್ತರ ಸಿಕ್ಕೀತು. ಅದರ ಲೆಕ್ಕ 7 ಪಿಎಸ್‌ಐ. ನಲ್ಲಿಯಲ್ಲಿ ಕೊಡ ತುಂಬಲು ಅಷ್ಟು ಸಾಕು, ಸ್ನಾನಕ್ಕೂ ಸಾಕು, ಆದರೆ ಫಿಲ್ಟರನ್ನು ದಾಟಿ ಏಳೆಂಟು ಸೆಕೆಂಡಿನಲ್ಲಿ ಅಚ್ಚು ತುಂಬಲು ಸಾಲದು.

ಕಡಿಮೆ ಒತ್ತಡದ ಇನ್ನೊಂದು ಪರಿಣಾಮ ಹೆಚ್ಚು ಕಷ್ಟ ಕೊಡುವಂಥದ್ದು, ಮತ್ತು ನಮ್ಮ ಮನೆಯಲ್ಲಿ ನಡೆದದ್ದೂ ಅದೇ. ಈ ಬಗೆಯ ವಾಲ್ವ್ ಬಿಗಿಯಾಗಿ ಮುಚ್ಚಿಕೊಳ್ಳಲು ನೀರಿನ ಒತ್ತಡದ ನೆರವನ್ನೇ ಪಡೆಯುತ್ತದೆ. ಒತ್ತಡ ಸಾಲದಿದ್ದರೆ ಪೂರ್ತಿ ಮುಚ್ಚದೆ ಹನಿ ಹನಿಯಾಗಿ ಸೋರುತ್ತದೆ. ಆ ಹನಿ ಫ್ರೀಜರಿನೊಳಗಿನ ಕೊಳವೆಯ ಬಾಯಲ್ಲಿ ನಿಂತು ಹೆಪ್ಪುಗಟ್ಟುತ್ತದೆ, ಅದರ ಮೇಲೆ ಮತ್ತೊಂದು ಹನಿ, ಹೀಗೆ ಕೆಲವು ದಿನಗಳಲ್ಲಿ ಕೊಳವೆಗೆ ಐಸಿನ ಬಿರಡೆಯೇ ಬೀಳುತ್ತದೆ. ಮೊದಲು ತುಂಡುಗಳು ಸಣ್ಣದಾಗಿ, ಆಮೇಲೆ ಒಮ್ಮೆಲೇ ನಿಂತುಹೋಗುವುದು ಈ ಕಾರಣದಿಂದ.

ಒತ್ತಡವನ್ನು ಅಂದಾಜು ಮಾಡಲು ಮೀಟರ್ ಬೇಕಿಲ್ಲ. ಬಾಗಿಲಲ್ಲಿ ಕುಡಿಯುವ ನೀರಿನ ನಲ್ಲಿ ಇರುವ ಫ್ರಿಜ್ಜಾದರೆ ಅಳತೆಯ ಗೆರೆಗಳಿರುವ ಲೋಟವನ್ನು ಹಿಡಿದು, ಗಡಿಯಾರ ನೋಡುತ್ತ 10 ಸೆಕೆಂಡು ನೀರು ಬಿಡಿ. ಸುಮಾರು 170 ಮಿಲಿಲೀಟರ್ ಬಂದರೆ ಚಿಂತೆಯಿಲ್ಲ. ನಮ್ಮಲ್ಲಿ ಬಂದದ್ದು 50 ಕೂಡ ಮುಟ್ಟಲಿಲ್ಲ. ಆಗ ಫಿಲ್ಟರ್ ತೆಗೆದು, ಅದರ ಜಾಗಕ್ಕೆ ಕಂಪನಿಯವರು ಕೊಟ್ಟ ಮುಚ್ಚಳವಿದ್ದರೆ ಹಾಕಿ, ಮತ್ತೆ ಅಳೆಯಬೇಕು. ಈಗ ನೀರು ರಭಸವಾಗಿ ಬಂದರೆ ದೋಷ ಫಿಲ್ಟರಿನದು. ಏನೂ ವ್ಯತ್ಯಾಸವಾಗದಿದ್ದರೆ ಫ್ರಿಜ್ಜಿನ ಹಿಂದಿನ ಪೈಪಿನತ್ತ ಹೋಗಿ: ಫ್ರಿಜ್ಜನ್ನು ಗೋಡೆಗೆ ತಳ್ಳುವಾಗ ಪೈಪು ಮಡಚಿಕೊಂಡಿರಬಹುದು, ಗೋಡೆಯ ಚಿಕ್ಕ ನಲ್ಲಿ ಅರ್ಧವೇ ತೆರೆದಿರಬಹುದು. ಅವೆರಡೂ ಸರಿಯಿದ್ದರೆ ಬೇಕಾಗಿರುವುದು ಒತ್ತಡ ಹೆಚ್ಚಿಸುವ ಒಂದು ಚಿಕ್ಕ ಬೂಸ್ಟರ್ ಪಂಪು. ನಲ್ಲಿ ತೆರೆದಾಗ ತಾನೇ ಚಾಲೂ ಆಗಿ, ಮುಚ್ಚಿದಾಗ ತಾನೇ ನಿಲ್ಲುವಂಥದ್ದನ್ನು ಆರಿಸಿ, ಪ್ಲಂಬರಿನಿಂದ ಫ್ರಿಜ್ಜಿನ ಪೈಪಿಗೆ ಮಾತ್ರ ಜೋಡಿಸಿದರೂ ಸಾಕು. ಒತ್ತಡ ಪುಸ್ತಿಕೆಯಲ್ಲಿ ಬರೆದ ಗರಿಷ್ಠ ಮಿತಿಯನ್ನು, ಸಾಮಾನ್ಯವಾಗಿ 120 ಪಿಎಸ್‌ಐ, ಮೀರಬಾರದು.

ಗೋಡೆಗೆ ತೂಗುಹಾಕಿದ ಆರ್‌ಒ ಯಂತ್ರದ ನಲ್ಲಿಯಿಂದ ಫ್ರಿಜ್ಜಿಗೆ ಪೈಪು ಎಳೆಯುವವರಿದ್ದಾರೆ. ಅದರ ತೊಟ್ಟಿಯಿಂದ ನೀರು ಬರಿಯ ಇಳಿಜಾರಿನಲ್ಲಿ ಬೀಳುವುದರಿಂದ ಒತ್ತಡ ಇಲ್ಲವೆನ್ನುವಷ್ಟು ಕಡಿಮೆ. ಪಂಪಿಲ್ಲದೆ ಆ ಜೋಡಣೆ ನಡೆಯದು.

ಬಾವಿಯ ನೀರು ಮತ್ತು ಫಿಲ್ಟರ್

ಫಿಲ್ಟರನ್ನು ಆರು ತಿಂಗಳಿಗೊಮ್ಮೆ ಬದಲಿಸಬೇಕೆಂಬುದು ಸಾಮಾನ್ಯ ಸಲಹೆ. ಅದು ಪೈಪಿನಲ್ಲಿ ಬರುವ ಶುದ್ಧೀಕರಿಸಿದ ನೀರಿಗೆ ಹೊಂದುವ ಮಾತು. ಶಿರಸಿಯಲ್ಲಿರುವ ಅಕ್ಕನ ಮನೆಯ ಬಾವಿ ಚಿರೆಕಲ್ಲಿನಲ್ಲಿ ತೋಡಿದ್ದು. ಜೂನ್ ತಿಂಗಳ ಮೊದಲ ಜೋರು ಮಳೆಗೆ ಅದರ ನೀರು ಒಂದು ವಾರ ಕದಡಿರುತ್ತದೆ, ಮತ್ತು ಅದೇ ನೀರನ್ನು ಟ್ಯಾಂಕಿಗೆ ಏರಿಸಿದರೆ ಬಿಳಿಯ ಫಿಲ್ಟರ್ ಹದಿನೈದು ದಿನಗಳಲ್ಲಿ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಕಬ್ಬಿಣದ ಅಂಶವಿರುವ ನೀರು ವಾಲ್ವಿನ ಬಾಯಲ್ಲಿರುವ ಸಣ್ಣ ಜಾಲರಿಗೂ ಕೆಂಪು ಲೋಳೆಯಂತೆ ಅಂಟಿಕೊಳ್ಳುತ್ತದೆ. ನೀರಿನ ನಲ್ಲಿ ಮುಚ್ಚಿ, ಪ್ಲಗ್ ಕಿತ್ತು, ಪೈಪನ್ನು ವಾಲ್ವಿನಿಂದ ಬಿಚ್ಚಿದರೆ ಆ ಜಾಲರಿ ಕಾಣುತ್ತದೆ. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಮೃದುವಾಗಿ ತಿಕ್ಕಿ ತೊಳೆಯಬಹುದು, ಆದರೆ ಜಾಲರಿಯನ್ನು ಕಿತ್ತೆಸೆಯಬಾರದು. ಅಕ್ಕನ ಮನೆಯಲ್ಲಿ ಈಗ ಫ್ರಿಜ್ಜಿಗೆ ಹೋಗುವ ಮೊದಲೇ ಪೈಪಿಗೆ ಕೆಸರು ತಡೆಯುವ ಒಂದು ಅಗ್ಗದ ಫಿಲ್ಟರ್ ಹಾಕಿಸಿದ್ದಾರೆ. ಅದನ್ನು ತೊಳೆಯಬಹುದು, ಬದಲಿಸಲು ಖರ್ಚೂ ಕಡಿಮೆ, ಒಳಗಿನ ದುಬಾರಿ ಫಿಲ್ಟರ್ ಬಾಳುತ್ತದೆ.

ಕರಾವಳಿಯಲ್ಲಿ ತೊಂದರೆ ಬೇರೆ. ಸಮುದ್ರಕ್ಕೂ ಹೊಳೆಯ ಅಳಿವೆಗೂ ಹತ್ತಿರದ ಬಾವಿಗಳಲ್ಲಿ ಮೇ ತಿಂಗಳ ಹೊತ್ತಿಗೆ ನೀರು ಸವಳಾಗುತ್ತದೆ. ಉಪ್ಪಿನ ಅಂಶವಿರುವ ನೀರು ತಡವಾಗಿ ಹೆಪ್ಪುಗಟ್ಟುತ್ತದೆ, ತುಂಡುಗಳು ಮಬ್ಬಾಗಿ, ಮೆತ್ತಗಾಗಿ ಪೆಟ್ಟಿಗೆಯಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಫ್ರಿಜ್ಜಿನ ಫಿಲ್ಟರ್ ವಾಸನೆಯನ್ನೂ ಕಸವನ್ನೂ ತಡೆಯಬಲ್ಲದು, ಕರಗಿದ ಉಪ್ಪನ್ನು ತಡೆಯಲಾರದು. ಅಂಥ ಮನೆಯವರು ಆ ಒಂದೆರಡು ತಿಂಗಳು ಐಸ್ ಮೇಕರನ್ನು ನಿಲ್ಲಿಸಿ, ಕುಡಿಯುವ ನೀರನ್ನು ಸಾದಾ ಐಸ್ ಟ್ರೇಯಲ್ಲಿ ಹಾಕಿಕೊಳ್ಳುವುದೇ ಮೇಲೆಂದು ನನ್ನ ಅಭಿಪ್ರಾಯ.

ಹೊಸ ಫಿಲ್ಟರ್ ಹಾಕಿದ ಮೇಲೆ ಪೈಪಿನಲ್ಲಿ ಗಾಳಿ ಸೇರಿಕೊಂಡು ನೀರು ಬಿಟ್ಟು ಬಿಟ್ಟು ಬರುತ್ತದೆ. ಕೆಲವು ಲೀಟರ್ ನೀರು ಹೊರಗೆ ಬಿಟ್ಟು, ಮೊದಲ ಮೂರು ಸುತ್ತಿನ ಐಸನ್ನು ಗಿಡಕ್ಕೆ ಹಾಕಿಬಿಡಿ.

ಕೊಳವೆಯ ಬಿರಡೆ ತೆಗೆಯುವುದು

ಬಾಗಿಲಿನ ನಲ್ಲಿಯಲ್ಲಿ ನೀರು ಚೆನ್ನಾಗಿ ಬರುತ್ತಿದೆ, ಅಚ್ಚು ಮಾತ್ರ ಒಣಗಿದೆ ಎಂದಾದರೆ ಕೊಳವೆ ಹೆಪ್ಪುಗಟ್ಟಿರುವ ಸಾಧ್ಯತೆಯೇ ಹೆಚ್ಚು. ಪ್ಲಗ್ ಕಿತ್ತು, ಐಸ್ ಪೆಟ್ಟಿಗೆಯನ್ನು ಹೊರಗಿಟ್ಟು, ಕೆಳಗೆ ದಪ್ಪ ಟವೆಲ್ ಹಾಸಿ, ಟಾರ್ಚ್ ಹಿಡಿದು ಅಚ್ಚಿನ ಹಿಂದಿನ ಮೇಲ್ಭಾಗವನ್ನು ನೋಡಿ. ಹಿಂಗೋಡೆಯಿಂದ ಹೊರಚಾಚಿದ ರಬ್ಬರು ಅಥವಾ ಪ್ಲಾಸ್ಟಿಕ್ಕಿನ ಬಾಯಿ ಅಲ್ಲಿ ಕಾಣುತ್ತದೆ. ನಮ್ಮ ಫ್ರಿಜ್ಜಿನಲ್ಲಿ ಆ ಬಾಯಿಂದ ಹಲಸಿನ ಬೀಜದಷ್ಟು ದೊಡ್ಡ ಹಾಲಿನ ಬಣ್ಣದ ಒಂದು ಗಂಟು ಜೋತುಬಿದ್ದಿತ್ತು, ಮತ್ತು ಅದರ ತುದಿಯಲ್ಲಿ ಬೀಳದೆ ನಿಂತ ಹನಿಯೊಂದು ಹಾಗೆಯೇ ಕಲ್ಲಾಗಿತ್ತು.

ಕೈ ತಡೆಯುವಷ್ಟು ಬಿಸಿಯ ನೀರಿನಲ್ಲಿ ಬಟ್ಟೆಯನ್ನು ಅದ್ದಿ ಹಿಂಡಿ, ಕೊಳವೆಗೆ ಸುತ್ತಿ ಎರಡು ನಿಮಿಷ ಹಿಡಿಯಿರಿ. ತಣ್ಣಗಾದಂತೆ ಮತ್ತೆ ಅದ್ದಿ. ಐದಾರು ಸಲ ಹೀಗೆ ಮಾಡಿದರೆ ಬಿರಡೆ ಜಾರಿ ಕೈಗೆ ಬರುತ್ತದೆ. ಕೂದಲು ಒಣಗಿಸುವ ಡ್ರೈಯರ್ ಬಳಸುವುದಾದರೆ ಕಡಿಮೆ ಬಿಸಿಯಲ್ಲಿಟ್ಟು, ಒಂದು ಗೇಣು ದೂರದಿಂದ, ಒಂದೇ ಕಡೆ ನಿಲ್ಲಿಸದೆ ಆಡಿಸಿ, ಮತ್ತು ಕರಗಿದ ನೀರಿಗೆ ಅದು ತಾಗದಂತೆ ನೋಡಿಕೊಳ್ಳಿ. ಕುದಿಯುವ ನೀರು ಸುರಿದರೆ ತಣ್ಣಗಿನ ಪ್ಲಾಸ್ಟಿಕ್ ಸೀಳುತ್ತದೆ.

ಇಷ್ಟು ಮಾಡಿ ಬಿಟ್ಟುಬಿಟ್ಟರೆ ವಾರದಲ್ಲಿ ಬಿರಡೆ ಮತ್ತೆ ಕಟ್ಟುತ್ತದೆ. ಆದ್ದರಿಂದ ಕೊಳವೆಯ ಬಾಯನ್ನು ಒಣ ಬಟ್ಟೆಯಿಂದ ಒರೆಸಿ, ಆಮೇಲೆ ಪ್ಲಗ್ ಹಾಕಿ, ಐಸ್ ಮೇಕರನ್ನು ಮಾತ್ರ ನಿಲ್ಲಿಸಿಟ್ಟು, ಐದು ನಿಮಿಷ ಆ ಬಾಯನ್ನೇ ನೋಡುತ್ತಿರಿ. ವಾಲ್ವ್ ಮುಚ್ಚಿರಬೇಕಾದ ಆ ಹೊತ್ತಿನಲ್ಲಿಯೂ ಹೊಸ ಹನಿ ಮೂಡಿದರೆ ವಾಲ್ವ್ ಸೋರುತ್ತಿದೆ. ಒತ್ತಡ ಕಡಿಮೆ ಇರುವ ಮನೆಯಲ್ಲಿ ಮೊದಲು ಒತ್ತಡವನ್ನು ಸರಿಪಡಿಸಿ ನೋಡಿ. ಒತ್ತಡ ಸರಿಯಿದ್ದೂ ಹನಿ ನಿಲ್ಲದಿದ್ದರೆ ವಾಲ್ವನ್ನೇ ಬದಲಿಸಬೇಕು. ಇಡೀ ಐಸ್ ಮೇಕರಿನ ಬೆಲೆಯ ಮುಂದೆ ವಾಲ್ವಿನ ಬೆಲೆ ಬಹಳ ಕಡಿಮೆ.

ತಂಪು ಸಾಲದಾಗ

ನೀರು 0 ಡಿಗ್ರಿಗೆ ಹೆಪ್ಪುಗಟ್ಟುತ್ತದೆ, ಹಾಗಿದ್ದ ಮೇಲೆ ಫ್ರೀಜರ್ ಮೈನಸ್ 8ರಲ್ಲಿದ್ದರೂ ಐಸ್ ಬೀಳಬೇಕಲ್ಲವೇ ಎಂದು ಕೇಳುವವರಿದ್ದಾರೆ. ಬೀಳುವುದಿಲ್ಲ. ಅನೇಕ ಯಂತ್ರಗಳಲ್ಲಿ ಅಚ್ಚು ಮೈನಸ್ 9 ಅಥವಾ 10 ಡಿಗ್ರಿಯ ಆಸುಪಾಸಿಗೆ ಇಳಿದ ಮೇಲಷ್ಟೇ ಸೆನ್ಸರ್ ತುಂಡುಗಳನ್ನು ಉದುರಿಸಲು ಅಪ್ಪಣೆ ಕೊಡುತ್ತದೆ. ಅಚ್ಚಿನಲ್ಲಿ ಐಸ್ ಗಟ್ಟಿಯಾಗಿ ಕೂತಿದ್ದೂ ಪೆಟ್ಟಿಗೆಗೆ ಬೀಳದಿರುವುದಕ್ಕೆ ಇದೊಂದು ಕಾರಣ. ಫ್ರೀಜರನ್ನು ಮೈನಸ್ 18ಕ್ಕೆ ಹೊಂದಿಸಿ, ಎರಡು ಪೊಟ್ಟಣಗಳ ನಡುವೆ ಒಂದು ಥರ್ಮಾಮೀಟರ್ ಇಟ್ಟು, ರಾತ್ರಿಯಿಡೀ ಬಾಗಿಲು ತೆರೆಯದೆ ಬೆಳಿಗ್ಗೆ ನೋಡಿ.

ಕರಾವಳಿಯ ಮನೆಗಳ ಫ್ರೀಜರ್ ಮೇ ಕೊನೆಗೆ ಬಾಗಿಲು ಹಾಕಲಾಗದಷ್ಟು ತುಂಬಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬಂಗಡೆ, ಸಿಗಡಿಯ ಪೊಟ್ಟಣಗಳನ್ನು ಮುಂಚೆಯೇ ಒಟ್ಟುವುದು ಸಹಜ. ಘಟ್ಟದ ಮೇಲೆ ಅದೇ ಜಾಗವನ್ನು ಹಲಸಿನ ತೊಳೆ, ತೆಂಗಿನ ತುರಿ ಹಿಡಿಯುತ್ತವೆ. ಹಿಂಗೋಡೆಯಲ್ಲಿ ತಂಪುಗಾಳಿ ಬರುವ ಸೀಳುಗಳ ಮುಂದೆ ನಾಲ್ಕು ಬೆರಳಷ್ಟು ಜಾಗ ಬಿಡದೆ ಪೊಟ್ಟಣ ಒತ್ತಿಟ್ಟರೆ ಐಸ್ ಮೇಕರಿಗೆ ಗಾಳಿ ತಲುಪುವುದಿಲ್ಲ. ಮೀನನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡುವುದು ಇನ್ನೊಂದು ಕಾರಣಕ್ಕೂ ಅಗತ್ಯ: ಐಸ್ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ.

ಮಳೆಗಾಲದ ತೇವದ ಗಾಳಿ ಬಾಗಿಲಿನ ರಬ್ಬರಿನ ಸಂದಿಯಿಂದ ಒಳಹೊಕ್ಕು ಗೋಡೆಗೆ, ಸೆನ್ಸರಿಗೆ, ಕೊಳವೆಗೆ ಹಿಮವಾಗಿ ಅಂಟುತ್ತದೆ. ರಬ್ಬರಿನ ಮಡಿಕೆಗಳಲ್ಲಿ ಕಪ್ಪು ಬೂಸು ಕಂಡರೆ ಉಗುರುಬೆಚ್ಚಗಿನ ಸೋಪುನೀರಿನಿಂದ ತೊಳೆದು ಒಣಗಿಸಿ. ಒಂದು ನೋಟನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆದರೆ ಅದು ಬಿಗಿಯಾಗಿ ಬರಬೇಕು. ಸಲೀಸಾಗಿ ಜಾರಿದರೆ ಆ ಜಾಗದಲ್ಲಿ ರಬ್ಬರ್ ಸಡಿಲವಾಗಿದೆ. ಸುತ್ತಲೂ ಹತ್ತು ಕಡೆ ಹೀಗೆ ನೋಡಬೇಕು. ಹಿಮ ಈಗಾಗಲೇ ದಪ್ಪವಾಗಿ ಕಟ್ಟಿದ್ದರೆ ಸಾಮಾನು ಖಾಲಿ ಮಾಡಿ, ಪ್ಲಗ್ ಕಿತ್ತು, ಬಾಗಿಲು ತೆರೆದು ಒಂದು ರಾತ್ರಿ ಬಿಡುವುದೇ ಸರಿಯಾದ ದಾರಿ.

ಕರೆಂಟು ಹೋಗಿ ಬಂದ ಮೇಲೆ

ಜುಲೈ ತಿಂಗಳಲ್ಲಿ ತಂತಿಯ ಮೇಲೆ ಮರ ಬಿದ್ದು ಎರಡು ದಿನ ಕರೆಂಟಿಲ್ಲದಿರುವುದು ನಮ್ಮ ಕಡೆ ಹೊಸತಲ್ಲ. ಬಾಗಿಲು ತೆರೆಯದಿದ್ದರೆ ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಂಪು ಹಿಡಿದಿಡುತ್ತದೆ. ಆದರೆ ಪೆಟ್ಟಿಗೆಯ ಐಸ್ ಅಂಚಿನಲ್ಲಿ ಕರಗಿ, ಕರೆಂಟು ಬಂದ ಮೇಲೆ ಮತ್ತೆ ಗಟ್ಟಿಯಾಗಿ, ಎಲ್ಲ ತುಂಡುಗಳೂ ಸೇರಿ ಒಂದೇ ಬಂಡೆಯಾಗುತ್ತವೆ. ಬಾಗಿಲಿನಿಂದ ಐಸ್ ಕೊಡುವ ಮಾದರಿಯಲ್ಲಿ ಪೆಟ್ಟಿಗೆಯೊಳಗಿನ ತಿರುಗುವ ಸುರುಳಿ ಆ ಬಂಡೆಯಲ್ಲಿ ಹೂತುಹೋಗುತ್ತದೆ, ಮೋಟರ್ ಗುಂಯ್ ಎನ್ನುತ್ತದೆ, ಐಸ್ ಬರುವುದಿಲ್ಲ. ಆಗ ಗುಂಡಿಯನ್ನು ಮತ್ತೆ ಮತ್ತೆ ಒತ್ತಿದರೆ ಮೋಟರಿನ ಹಲ್ಲುಚಕ್ರ ಮುರಿಯುತ್ತದೆ. ಪೆಟ್ಟಿಗೆಯನ್ನು ತೆಗೆದು ಸಿಂಕಿನಲ್ಲಿಟ್ಟು ನೀರು ಬಿಡಿ, ಪೂರ್ತಿ ಕರಗಲಿ, ಒಣಬಟ್ಟೆಯಿಂದ ಒರೆಸಿ, ನೀರಿನ ಪಸೆ ಇಲ್ಲದಂತಾದ ಮೇಲೆ ಕೂರಿಸಿ. ಮಳೆಗಾಲದಲ್ಲಿ ಊರಿಗೆ ಹೋಗುವ ಮುನ್ನ ಪೆಟ್ಟಿಗೆ ಖಾಲಿ ಮಾಡಿ ಐಸ್ ಮೇಕರ್ ನಿಲ್ಲಿಸಿ ಹೋದರೆ ಈ ಕೆಲಸವೇ ಬೇಡ.

ಕರೆಂಟು ಬಂದ ಮೇಲೂ ಫಲಕ ಸ್ಪಂದಿಸದಿದ್ದರೆ ಪ್ಲಗ್ ಕಿತ್ತು ಹತ್ತು ನಿಮಿಷ ಬಿಟ್ಟು ಹಾಕಿ.

ಕೊನೆಗೆ ಯಂತ್ರ

ಹಲವು ಐಸ್ ಮೇಕರುಗಳ ಮುಂಬದಿಯಲ್ಲಿ ಅಥವಾ ಅಡಿಯಲ್ಲಿ ಚಿಕ್ಕದೊಂದು ಪರೀಕ್ಷೆಯ ಗುಂಡಿ ಇರುತ್ತದೆ. ಪೆಟ್ಟಿಗೆ ತೆಗೆದು, ಕೆಳಗೆ ಅಗಲವಾದ ಪಾತ್ರೆಯಿಟ್ಟು, ಗುಂಡಿಯನ್ನು ಸುಮಾರು ಮೂರು ಸೆಕೆಂಡು ಒತ್ತಿ ಹಿಡಿಯಿರಿ. ತಟ್ಟೆ ತಿರುಗಿ, ಹಿಂದಿರುಗಿ, ಅದಾದ ಮೇಲೆ ನೀರು ಬೀಳುವ ಸದ್ದು ಕೇಳಬೇಕು. ತಟ್ಟೆ ತಿರುಗಿಯೂ ನೀರು ಬರದಿದ್ದರೆ ಹಿಂದೆ ಹೇಳಿದ ನೀರಿನ ಹೆಜ್ಜೆಗಳಿಗೆ ಮರಳಿ. ತಟ್ಟೆಯೇ ತಿರುಗದಿದ್ದರೆ ಮೋಟರ್, ಸೆನ್ಸರ್ ಅಥವಾ ತಂತಿಯ ಜೋಡಣೆಯ ದೋಷ. ಗುಂಡಿಯನ್ನು ಬೆನ್ನುಬೆನ್ನಿಗೆ ಎರಡು ಸಲ ಒತ್ತಬೇಡಿ, ಅಚ್ಚಿನ ನೀರು ಫ್ರೀಜರಿನಲ್ಲೆಲ್ಲ ಚೆಲ್ಲಿ ಹೆಪ್ಪುಗಟ್ಟುತ್ತದೆ.

ಕಡಲಿನ ಹತ್ತಿರದ ಮನೆಗಳಲ್ಲಿ ಉಪ್ಪುಗಾಳಿ ವಾಲ್ವಿನ ತಂತಿಯ ತುದಿಗಳಿಗೆ ಹಸಿರು ಕಿಲುಬು ಹಿಡಿಸುತ್ತದೆ. ಪ್ಲಗ್ ಕಿತ್ತು ಹಿಂಬದಿಗೆ ಟಾರ್ಚ್ ಬಿಟ್ಟರೆ ಅದು ಕಾಣುತ್ತದೆ. ಕಂಡರೆ ಮೆಕ್ಯಾನಿಕ್‌ಗೆ ತೋರಿಸಿ. ವಿದ್ಯುತ್ತಿನ ಜೋಡಣೆಯ ಕೆಲಸವನ್ನೂ, ಹಿಂಗೋಡೆಯ ಒಳಗಿನ ಫ್ಯಾನು ಮತ್ತು ಹೀಟರಿನ ಕೆಲಸವನ್ನೂ ಮನೆಯಲ್ಲಿ ಮಾಡಬೇಡಿ.

ಮೆಕ್ಯಾನಿಕ್ ಕರೆಸುವ ಹೊತ್ತಿಗೆ ಒಂದು ಚೀಟಿಯಲ್ಲಿ ಮೂರು ಸಂಗತಿ ಬರೆದಿಟ್ಟುಕೊಳ್ಳಿ: 10 ಸೆಕೆಂಡಿನಲ್ಲಿ ಬಂದ ನೀರು ಎಷ್ಟು ಮಿಲಿಲೀಟರ್, ಬೆಳಿಗ್ಗೆ ಫ್ರೀಜರಿನ ಥರ್ಮಾಮೀಟರ್ ತೋರಿಸಿದ್ದೆಷ್ಟು, ಪರೀಕ್ಷೆಯ ಗುಂಡಿ ಒತ್ತಿದಾಗ ಆದದ್ದೇನು. ಈ ಮೂರನ್ನು ನೋಡದೆ ಇಡೀ ಐಸ್ ಮೇಕರ್ ಬದಲಿಸಬೇಕೆಂದು ಹೇಳಿದರೆ ಒಪ್ಪಬೇಡಿ.

ನಮ್ಮ ಮನೆಯಲ್ಲಿ ಬೂಸ್ಟರ್ ಪಂಪು ಕೂರಿಸಿ ಕೊಳವೆಯ ಬಿರಡೆ ಕರಗಿಸಿದ ಮರುದಿನ ಸಂಜೆ ಪೆಟ್ಟಿಗೆಯಲ್ಲಿ ತುಂಬು ಗಾತ್ರದ ತುಂಡುಗಳಿದ್ದವು. ಈಗ ಫ್ರಿಜ್ಜಿನ ಪಕ್ಕಕ್ಕೆ ಅಂಟಿಸಿದ ಬಿಳಿ ಪಟ್ಟಿಯಲ್ಲಿ ಫಿಲ್ಟರ್ ಬದಲಿಸಿದ ತಾರೀಖುಗಳನ್ನು ಬರೆಯುತ್ತೇವೆ: ಒಂದು ಮಳೆಯ ನೀರು ತಿಳಿಯಾದ ಮೇಲೆ, ಇನ್ನೊಂದು ಬೇಸಿಗೆ ಶುರುವಾಗುವ ಮೊದಲು.